ನಮ್ಮ ನಮಾಝ್ ನಿಮಗೆ ಮರಣಪತ್ರವಾಯಿತೇ?

ಹೊರದೇಶದ ಯುದ್ಧಗಳಲ್ಲಿ ಸಿಕ್ಕಿಬಿದ್ದ ನಾಗರಿಕರ ಕಡತ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನನ್ನ ಉಪ್ಪ, ಅಂದರೆ ನನ್ನ ತಂದೆ, ಸತ್ತರೆಂದು ನೀವು ಕಡತ ಮುಚ್ಚಿದ್ದೀರಿ. ಶವ ನೋಡಿದ್ದೀರಾ? ಇಲ್ಲ. ಶವ ನೋಡಿದವರು ಯಾರಾದರೂ ನಿಮಗೆ ಸಿಕ್ಕಿದ್ದಾರಾ? ಅದೂ ಇಲ್ಲ. ಹಾಗಾದರೆ ಆಧಾರ ಯಾವುದು? ನಿಮ್ಮ ಪತ್ರದ ಮಾತಿನಲ್ಲೇ ಹೇಳುತ್ತೇನೆ, ಓದಿ ಓದಿ ನನಗೆ ಬಾಯಿಪಾಠವಾಗಿದೆ: "ಸದರಿ ವ್ಯಕ್ತಿಯ ಕುಟುಂಬದವರೇ ತಮ್ಮ ಧಾರ್ಮಿಕ ಪದ್ಧತಿಯಂತೆ ಅಂತಿಮ ವಿಧಿಯನ್ನು ನೆರವೇರಿಸಿರುವುದು ಸ್ಥಳೀಯ ವಿಚಾರಣೆಯಿಂದ ದೃಢಪಟ್ಟಿರುವ ಕಾರಣ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ." ಅಂದರೆ ನಮ್ಮ ಊರಿನ ಮಸೀದಿಯಲ್ಲಿ ನಡೆದ ಒಂದು ನಮಾಝ್ ನಿಮ್ಮ ಪಾಲಿಗೆ ಮರಣ ಪ್ರಮಾಣಪತ್ರ. ಆ ನಮಾಝ್ ಯಾಕೆ ನಡೆಯಿತು, ಯಾರ ಮಾತು ನಂಬಿ ನಡೆಯಿತು ಎಂಬುದನ್ನು ಮಾತ್ರ ನಿಮ್ಮ ಸ್ಥಳೀಯ ವಿಚಾರಣೆ ವಿಚಾರಿಸಲಿಲ್ಲ. ವಿಚಾರಿಸಿದ್ದರೆ ಉತ್ತರ ನಿಮ್ಮ ಕಚೇರಿಯ ಬಾಗಿಲಿಗೇ ಬರುತ್ತಿತ್ತು.

ನಾನು ಮೂಡುಬಿದಿರೆ ಕಡೆಯ ಒಂದು ಕಾಲೇಜಿನಲ್ಲಿ ಕಾನೂನು ಓದುವ ಮೊದಲ ವರ್ಷದವಳು. ಮನೆ ಬಂಟ್ವಾಳದ ಮೇಲ್ಕಾರ್ ಹತ್ತಿರ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದದ್ದರಿಂದ ಪರೀಕ್ಷೆಗೆ ಇಂಗ್ಲಿಷ್, ಜಗಳಕ್ಕೆ ತುಳು, ಮನೆಗೆ ಫೋನ್ ಮಾಡಲು ಬ್ಯಾರಿ ಎಂಬಂತಾಗಿದೆ ನನ್ನ ಅವಸ್ಥೆ. ಆದರೂ ಈ ಬಹಿರಂಗ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಕಳಿಸಿದ ಇಮೇಲುಗಳಿಗೆ ನಿಮ್ಮ ಕಂಪ್ಯೂಟರ್ "ತಲುಪಿದೆ" ಎಂದು ಹೇಳಿ ಮಲಗಿಬಿಟ್ಟಿತು. ಕನ್ನಡದಲ್ಲಿ ಬರೆದರೆ ಕಡೇ ಪಕ್ಷ ನಮ್ಮ ಜಿಲ್ಲೆಯವರು ಓದುತ್ತಾರೆ. ಭಾಷೆಯಲ್ಲಿ ತಪ್ಪಿದ್ದರೆ ಅದು ನನ್ನದು. ಸಂಗತಿಯಲ್ಲಿ ತಪ್ಪಿದ್ದರೆ ದಯವಿಟ್ಟು ಲಿಖಿತವಾಗಿ ತೋರಿಸಿಕೊಡಿ, ನನಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಉಪ್ಪ ಇದ್ದ ದೇಶದ ಹೆಸರನ್ನು ಮಾತ್ರ ಬರೆಯುವುದಿಲ್ಲ. ಅವರು ಯಾರ ಕೈಯಲ್ಲಿದ್ದಾರೋ ಗೊತ್ತಿಲ್ಲದಾಗ ನನ್ನ ಒಂದು ವಾಕ್ಯದಿಂದ ಅವರಿಗೆ ತೊಂದರೆಯಾದರೆ ಎಂಬ ಹೆದರಿಕೆ ನನಗುಂಟು. ನೋಡಿ, ಜಾಗ್ರತೆಯಿಂದ ಮಾತಾಡುವುದು ಹೇಗೆಂದು ಹದಿನೆಂಟು ವರ್ಷದವಳಿಗೂ ಗೊತ್ತಾಗುತ್ತದೆ.

ಉಪ್ಪನ ಹೆಸರು ಇಬ್ರಾಹಿಂ. ಮೊದಲು ಬಿ.ಸಿ.ರೋಡಿನ ಹೋಟೆಲಿನಲ್ಲಿ, ಆಮೇಲೆ ಗಲ್ಫಿನ ಒಂದು ಮೆಸ್ಸಿನಲ್ಲಿ, ಕೊನೆಗೆ ಆ ದೇಶದ ಒಂದು ಆಸ್ಪತ್ರೆಯಲ್ಲಿ ಅಡುಗೆ. ಆಸ್ಪತ್ರೆಯ ಅಡುಗೆ ಮದುವೆ ಮನೆಯ ಬಿರಿಯಾನಿಯಲ್ಲ. ಸಕ್ಕರೆ ಕಾಯಿಲೆಯವರಿಗೆ ಒಂದು, ಕಿಡ್ನಿಯವರಿಗೆ ಉಪ್ಪಿಲ್ಲದ್ದು ಇನ್ನೊಂದು, ಆಪರೇಶನ್ ಆದವರಿಗೆ ತಿಳಿ ಗಂಜಿ. ವೀಡಿಯೊ ಕಾಲಿನಲ್ಲಿ ನಗುತ್ತಾ ಹೇಳುತ್ತಿದ್ದರು, "ಇಲ್ಲಿ ಉಪ್ಪು ಕಡಿಮೆಯಾಯಿತು ಅಂತ ನನಗೆ ಯಾರೂ ಬೈಯುವುದಿಲ್ಲ, ಡಾಕ್ಟರೇ ಹಾಗೆ ಬರೆದುಕೊಡ್ತಾರೆ. ನಿನ್ನ ಉಮ್ಮನಿಗೆ ಹೇಳು!" ಯುದ್ಧ ಶುರುವಾದಾಗ ಉಮ್ಮ ಬನ್ನಿ ಬನ್ನಿ ಎಂದು ಹಟ ಹಿಡಿದರು. "ಬರ್ತೇನೆ ಮಾರಾಯ್ತಿ. ಇಷ್ಟು ಜನ ಮಲಗಿದ್ದಾರಲ್ಲ, ಇವರಿಗೆ ಗಂಜಿ ನೀನು ಬಂದು ಬಡಿಸ್ತೀಯಾ? ಹೆದರಬೇಡ, ಮಾಡಿನ ಮೇಲೆ ಕೆಂಪು ಅರ್ಧಚಂದ್ರ ದೊಡ್ಡದಾಗಿ ಬರೆದಿದ್ದಾರೆ. ಅದು ಇದ್ದಲ್ಲಿಗೆ ಬಾಂಬ್ ಹಾಕುವ ಹಾಗಿಲ್ಲ ಅಂತ ಕಾನೂನು ಉಂಟಂತೆ," ಎಂದರು. ಜಿನೀವಾ ಒಪ್ಪಂದಗಳ ಬಗ್ಗೆ ನನ್ನ ಮೊದಲ ಪಾಠ ಅದೇ. ಬಾಂಬ್ ನಿಜಕ್ಕೂ ಬೀಳಲಿಲ್ಲ. ಬಂದೂಕಿನವರು ಗೇಟಿನಿಂದ ನಡೆದುಕೊಂಡು ಬಂದರು.

ಅದಾದ ಮೇಲೆ ಕರೆ ಇಲ್ಲ. ಭಾರತದ ನರ್ಸುಗಳೂ ಡಾಕ್ಟರುಗಳೂ ಸುರಕ್ಷಿತವಾಗಿ ಬಂದಿಳಿದರೆಂದು ಟಿವಿಯಲ್ಲಿ ಬಂತು. ಸೋದರಮಾವ ಅಶ್ರಫ್ ಮಾಮ ಬಿ.ಸಿ.ರೋಡಿನ ತಮ್ಮ ಚಪ್ಪಲಿ ಅಂಗಡಿಯ ಬಾಗಿಲು ಅರ್ಧ ಎಳೆದು ಓಡಿ ಬಂದು, ಹೂಮಾಲೆ ಹಾಕಿಸಿಕೊಳ್ಳುತ್ತಿದ್ದ ಮುಖಗಳನ್ನು ಟಿವಿಯಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದರು. ಉಪ್ಪ ಇರಲಿಲ್ಲ. ನಿಮ್ಮ ಸಹಾಯವಾಣಿಯಲ್ಲಿ ಕೇಳಿದರೆ "ಪರಿಶೀಲನೆಯಲ್ಲಿದೆ". ತಿಂಗಳುಗಟ್ಟಲೆ ಪರಿಶೀಲನೆಯಲ್ಲಿದ್ದು, ಕೊನೆಗೊಂದು ಮಧ್ಯಾಹ್ನ ನಿಮ್ಮ ಕಚೇರಿಯಿಂದಲೇ ಮಾಮನಿಗೆ ಕರೆ ಬಂತು. ಮಾಮ ಸ್ಪೀಕರ್ ಹಾಕಿದರು, ಹಾಗಾಗಿ ಮನೆಯವರೆಲ್ಲ ಕೇಳಿದೆವು.

"ಇಬ್ರಾಹಿಂ ಮನೆಯವ್ರಾ? ನೋಡಿ, ಅಲ್ಲಿ ಪರಿಸ್ಥಿತಿ ಸರಿಯಿಲ್ಲ. ಇನ್ನು ಆಸೆ ಇಟ್ಕೋಬೇಡಿ."

"ಸಾರ್, ಅಂದ್ರೆ ತೀರಿಹೋದರು ಅಂತವಾ?"

"ಹೌದು, ಹಾಗೇ ತಿಳ್ಕೊಳ್ಳಿ. ನಿಮ್ಮಲ್ಲಿ ಏನು ಶಾಸ್ತ್ರ ಇದೆಯೋ ಮಾಡಿ ಮುಗಿಸ್ಕೊಳ್ಳಿ."

"ಮಯ್ಯತ್ ಸಿಗ್ತದಾ ಸಾರ್? ಮಣ್ಣು ಮಾಡ್ಲಿಕ್ಕೆ?"

"ಅದೆಲ್ಲ ಈಗ ಆಗಲ್ಲ. ಇಡ್ತೀನಿ."

ಯಾರ ಹೇಳಿಕೆಯ ಮೇಲೆ ಈ ಮಾತು? ಯಾವ ದಾಖಲೆ? ಕೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು. ಉಮ್ಮ ಒಪ್ಪಲಿಲ್ಲ. "ಕಣ್ಣಿನಲ್ಲಿ ನೋಡದೆ ನಾನು ನನ್ನ ಗಂಡನನ್ನು ಸಾಯಿಸುವುದು ಹೇಗೆ?" ಎಂದು ಗೋಡೆಗೊರಗಿ ಕೂತರು. ಮಾಮ ಹೇಳಿದ್ದು ಒಂದೇ ಮಾತು: "ಸರಕಾರದವರು ಸುಮ್ಮನೆ ಹೇಳ್ತಾರಾ ತಂಗೀ?" ಈಗ ಮಾಮ ಆ ಮಾತು ನೆನಪಾದಾಗಲೆಲ್ಲ ಎದ್ದು ಹೊರಗೆ ಹೋಗುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಸರಕಾರ ಸುಮ್ಮನೆ ಹೇಳುವುದಿಲ್ಲವೆಂದು ನಂಬುವುದು ಪ್ರಜೆಯ ಅಪರಾಧವೇ?

ನಿಮ್ಮ ವಿಚಾರಣೆಯವರಿಗೆ ಅರ್ಥವಾಗದ ಸಂಗತಿಯನ್ನು ಇಲ್ಲಿ ಬಿಡಿಸಿ ಹೇಳಬೇಕು. ನಮ್ಮ ಕರಾವಳಿಯ ಮನೆಗಳಲ್ಲಿ ಅರ್ಧದಷ್ಟು ಗಂಡಸರು ಕಡಲಾಚೆ ಇರುತ್ತಾರೆ. ಅಲ್ಲೇ ಸತ್ತು ಅಲ್ಲೇ ಮಣ್ಣಾದವರಿಗಾಗಿ ಊರಿನ ಮಸೀದಿಯಲ್ಲಿ ಮಯ್ಯತ್ ಎದುರಿಗಿಲ್ಲದೆಯೂ ನಮಾಝ್ ಮಾಡುವ ಕ್ರಮ ನಮ್ಮಲ್ಲಿ ಉಂಟು. ಶುಕ್ರವಾರದ ಜುಮಾ ಮುಗಿದ ಮೇಲೆ ಪ್ರವಚನ ಕೊಡುವ ಖತೀಬರು ಹೆಸರು ಹೇಳುತ್ತಾರೆ, ಜನ ಮತ್ತೆ ಸಾಲು ನಿಲ್ಲುತ್ತಾರೆ. ಸತ್ತ ಸುದ್ದಿ ಬಂದಿದೆ ಎಂಬುದು ಆ ನಮಾಝಿನ ಆಧಾರ. ಸತ್ತರೆಂದು ತೀರ್ಮಾನಿಸುವುದು ಆ ನಮಾಝಿನ ಕೆಲಸ ಅಲ್ಲ. ನೀವು ಸುದ್ದಿ ಕೊಟ್ಟಿರಿ. ನಾವು ನಮಾಝ್ ಮಾಡಿದೆವು. ಉಮ್ಮ ಬಿಳಿ ಬಟ್ಟೆ ಉಟ್ಟು, ಗಂಡ ತೀರಿಹೋದವಳು ಕೂರಬೇಕಾದ ಇದ್ದತ್ ಕೂತರು: ಅಂಗಳಕ್ಕಿಳಿಯುವುದಿಲ್ಲ, ಹೊರಗಿನ ಗಂಡಸರೆದುರು ಬರುವುದಿಲ್ಲ. ನಾನು ಹಾಸ್ಟೆಲಿಗೆ ಮರಳಿ, ಕಾಲೇಜಿನ ಅರ್ಜಿಯಲ್ಲಿ ತಂದೆಯ ಹೆಸರಿನ ಹಿಂದೆ "ದಿವಂಗತ" ಎಂದು ಬರೆದೆ.

ಉಮ್ಮನ ಇದ್ದತ್ ಮುಗಿಯುವ ಮೊದಲೇ ಗುರುವಾಯನಕೆರೆ ಕಡೆಯಿಂದ ಒಬ್ಬರು ಬಂದರು. ಹೆಸರು ಕಾಂತಿ. ಉಪ್ಪ ಇದ್ದ ಆಸ್ಪತ್ರೆಯ ನರ್ಸ್, ಆ ಹೂಮಾಲೆಯವರಲ್ಲಿ ಒಬ್ಬರು. ಬಂದ ಮೇಲೆ ಕಾಯಿಲೆ ಬಿದ್ದು ಮಲಗಿದ್ದವರು, ನಡೆದಾಡುವಂತಾದದ್ದೇ ಬಸ್ಸು ಹತ್ತಿ ಮೇಲ್ಕಾರಿನಲ್ಲಿ ಇಳಿದು, ಅಡುಗೆಯ ಇಬ್ರಾಹಿಂ ಮನೆ ಯಾವುದೆಂದು ಕೇಳುತ್ತಾ ಬಂದಿದ್ದರು. ಆ ದಿನ ನಾನೂ ಮನೆಯಲ್ಲಿದ್ದೆ. ಹೆಂಗಸಾದ್ದರಿಂದ ನೇರ ಒಳಕೋಣೆಗೇ ಕರೆತಂದೆ. ಮಾತೆಲ್ಲ ತುಳುವಿನಲ್ಲಿ.

"ಇಬ್ರಾಹಿಂ ಕಾಕನ ಸುದ್ದಿ ಏನಾದ್ರೂ ಬಂತಾ ಅಕ್ಕಾ? ಬಿಟ್ಟರಾ ಅವರನ್ನು?"

ಉಮ್ಮ ಅವರ ಮುಖ ನೋಡಿದರು. "ಯಾರನ್ನು ಬಿಡುವುದು?"

"ಅಯ್ಯೋ, ಕಾಕನನ್ನು! ಹಿಡಿದುಕೊಂಡು ಹೋದ್ರಲ್ಲ. ಆಫೀಸಿನವರು ನಿಮಗೆ ಹೇಳಲೇ ಇಲ್ವಾ? ನಾನು ಏರ್‌ಪೋರ್ಟಿನಲ್ಲೇ ಹೇಳಿದ್ದೇನೆ, ಅವರು ಬರೆದುಕೊಂಡು ನನ್ನ ಸೈನ್ ಕೂಡ ಹಾಕಿಸಿಕೊಂಡಿದ್ದಾರೆ."

ಬಾಗಿಲ ಹೊರಗೆ ನಿಂತಿದ್ದ ಮಾಮ ಅಲ್ಲಿಂದಲೇ ಕೇಳಿದರು, "ನೀವು ನೋಡಿದ್ದಾ? ಯಾರೋ ಹೇಳಿದ್ದಾ?"

"ನೋಡದೆ ಸುಳ್ಳು ಹೇಳ್ಲಿಕ್ಕೆ ಇಷ್ಟು ದೂರ ಬಂದದ್ದಾ ನಾನು? ನಿಮ್ಮದು ಒಳ್ಳೆ ಕತೆ ಮಾರಾಯ್ರೆ!"

ಕಾಂತಿಯಕ್ಕ ಹೇಳಿದ್ದಿಷ್ಟು. ಮಾತುಕತೆಯಾಗಿ, ಬಂದೂಕಿನವರು ಭಾರತದವರನ್ನು ಬಿಡಲು ಒಪ್ಪಿದ್ದರು. ಗೇಟಿನಲ್ಲಿ ಬಸ್ಸು ನಿಂತಿತ್ತು. ನಿಮ್ಮ ಪರವಾಗಿ ಬಂದವರೊಬ್ಬರು ಪಟ್ಟಿ ಹಿಡಿದು ಹೆಸರು ಕೂಗುತ್ತಿದ್ದರು. ಡಾಕ್ಟರುಗಳಾದರು, ನರ್ಸುಗಳಾದರು, ಲ್ಯಾಬಿನವರಾದರು. ಉಪ್ಪ ಏಪ್ರನ್ ಕೂಡ ಬಿಚ್ಚದೆ ಸಾಲಿನ ಕೊನೆಗೆ ನಿಂತಿದ್ದರು. ಅವರ ಹೆಸರು ಬರಲಿಲ್ಲ. "ಇವರು ನಮ್ಮ ಆಸ್ಪತ್ರೆಯವರೇ," ಎಂದು ಕಾಂತಿಯಕ್ಕ ಕೂಗಿದರು. ಪಟ್ಟಿಯವರ ಉತ್ತರ: "ಇದು ಮೆಡಿಕಲ್ ಸ್ಟಾಫಿಗೆ ಮಾತ್ರ. ಕಿಚನ್‌ನವರು ನೆಕ್ಸ್ಟ್ ಬಸ್." ಬಂದೂಕಿನವರು ಬಿಡಲು ಒಪ್ಪಿದ್ದರು, ಮಾನ್ಯರೇ. ಬೇಡವೆಂದದ್ದು ನಿಮ್ಮ ಪಟ್ಟಿ. ನೆಕ್ಸ್ಟ್ ಬಸ್ ಬರಲೇ ಇಲ್ಲ. ಈ ಬಸ್ಸು ಹೊರಡುವ ಹೊತ್ತಿಗೆ ಉಳಿದ ಕೆಲವು ಗಂಡಸರ ಜೊತೆ ಉಪ್ಪನನ್ನು ಒಂದು ವ್ಯಾನಿಗೆ ಹತ್ತಿಸಿದರು. ಅವರು ತಮ್ಮ ಕಾಲಿನಲ್ಲೇ ಹತ್ತಿದರು. ಮೈಮೇಲೆ ಗಾಯ ಇರಲಿಲ್ಲ. ಕಿಟಕಿಯಿಂದ ಕೈ ಬೀಸಿದರು.

ಉಮ್ಮ ಎದ್ದು ಒಳಗೆ ಹೋದರು. ಬಿಳಿ ಬಟ್ಟೆ ಬಿಚ್ಚಿಟ್ಟು, ಉಪ್ಪ ಕಳಿಸಿದ್ದ ಹಸಿರು ಮ್ಯಾಕ್ಸಿ ಹಾಕಿಕೊಂಡು ಬಂದು ಕಾಂತಿಯಕ್ಕನ ಎದುರು ಕೂತರು. ಅಳಲಿಲ್ಲ. "ಅವರಿಗೆ ಶುಗರ್ ಉಂಟು. ಮಾತ್ರೆ ಕೊಡ್ತಾರಾ ಅಲ್ಲಿ?" ಎಂದು ಕೇಳಿದರು. ಈ ಪ್ರಶ್ನೆಯನ್ನು ನಾನು ನಿಮಗೂ ದಾಟಿಸುತ್ತಿದ್ದೇನೆ. ಕೊಡುತ್ತಾರಾ? ನಿಮಗೆ ಗೊತ್ತಾ? ತಿಳಿದುಕೊಳ್ಳಲು ಒಂದು ಸಲವಾದರೂ ಯತ್ನಿಸಿದ್ದೀರಾ? ಸತ್ತವರಿಗೆ ಶುಗರ್ ಇರುವುದಿಲ್ಲ ಎಂಬುದು ನಿಮ್ಮ ಅನುಕೂಲ.

ಕಾಂತಿಯಕ್ಕನ ಹೇಳಿಕೆ ನಿಮ್ಮ ಕಡತದಲ್ಲೇ ಇತ್ತು. ಹಾಗಿದ್ದೂ ನಿಮ್ಮವರು ಫೋನಿನಲ್ಲಿ ಶಾಸ್ತ್ರ ಮುಗಿಸಿಕೊಳ್ಳಿ ಎಂದರು. ಇದನ್ನೆಲ್ಲ ಬರೆದು, ಕಡತ ತೆರೆದು ಹುಡುಕಿಸಿ ಎಂದು ನಾವು ಕೇಳಿಕೊಂಡಾಗ ಬಂದದ್ದು ಮೇಲೆ ಹೇಳಿದ ಮುಕ್ತಾಯದ ಪತ್ರ. ನಮ್ಮ ಮಸೀದಿಯ ಆಡಳಿತ ನೋಡುವ ಜಮಾಅತಿನ ಅಧ್ಯಕ್ಷರು ಮೂಸಬ್ಬ ಹಾಜಿ, ಮರದ ವ್ಯಾಪಾರ ಮಾಡಿ ವಯಸ್ಸಾದವರು. ಪತ್ರವನ್ನು ಕನ್ನಡಕ ಏರಿಸಿ ಓದಿ ಹೇಳಿದರು, "ಅವರು ಸತ್ತರು ಅಂದದ್ದಕ್ಕೆ ನಾವು ನಮಾಝ್ ಮಾಡಿದ್ದು. ಈಗ ನಾವು ನಮಾಝ್ ಮಾಡಿದ್ದಕ್ಕೆ ಸತ್ತದ್ದು ಹೌದು ಅಂತಾರಾ? ಇದು ಎಂಥ ಸರ್ಕಸ್ಸಾ? ಹಾಗಾದ್ರೆ ನಾಳೆ ಇಡೀ ಆಫೀಸಿನ ಹೆಸರು ಹೇಳಿ ನಮಾಝ್ ಮಾಡುವ, ಎಲ್ಲರ ಸಂಬಳ ನಿಲ್ತದಾ ನೋಡುವ!" ಖತೀಬರು ತಡೆದರು, ಇಲ್ಲದಿದ್ದರೆ ಹಾಜಿಯವರ ಬಾಯಿಯಿಂದ ಇನ್ನೂ ಬರುತ್ತಿತ್ತು. ಮುಂದಿನ ಶುಕ್ರವಾರ ಖತೀಬರೇ ಪ್ರವಚನದ ಪೀಠವಾದ ಮಿಂಬರಿನ ಮೇಲೆ ನಿಂತು, ತಪ್ಪು ಸುದ್ದಿ ನಂಬಿ ಬದುಕಿರಬಹುದಾದವನಿಗೆ ಮಯ್ಯತ್ ನಮಾಝ್ ಮಾಡಿದೆವು, ಅಲ್ಲಾಹು ಕ್ಷಮಿಸಲಿ ಎಂದರು. ತಪ್ಪು ಅವರದಲ್ಲ, ಆದರೂ ಊರೆದುರು ಒಪ್ಪಿಕೊಂಡರು. ನಿಮ್ಮ ಕಡೆಯಿಂದ ಅಂಥ ಒಂದು ಸಾಲು? ಕಾಯುತ್ತಿದ್ದೇವೆ.

ಇನ್ನು ನಿಮ್ಮ ಭಾಷಣದ ವಿಚಾರ. ಈ ವರ್ಷ ನಮ್ಮ ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಮಾನವೀಯ ಕಾನೂನು ಮತ್ತು ಯುದ್ಧದ ನಿಯಮಗಳ ಪರಿಚಯ ಎಂಬ ಸರ್ಟಿಫಿಕೇಟ್ ಕೋರ್ಸ್ ಶುರುವಾಯಿತು. ಉದ್ಘಾಟಕರು ನೀವು. ದೊಡ್ಡ ಪರದೆಯ ಮೇಲೆ ಬಂದು, "ಯುದ್ಧಕ್ಕೂ ನಿಯಮಗಳಿವೆ," ಎಂದಿರಿ. ಚಪ್ಪಾಳೆ. ಹೋರಾಡುವವನಿಗೂ ಹೋರಾಡದವನಿಗೂ ನಡುವೆ ಗೆರೆ ಎಳೆಯಬೇಕು, ಹೋರಾಡದವನನ್ನು ಗುರಿಮಾಡಬಾರದು. ಗುರಿ ಸರಿಯಾದದ್ದೇ ಇದ್ದರೂ ಅದರಿಂದ ಸಿಗುವ ಸೈನಿಕ ಲಾಭಕ್ಕೆ ಮೀರಿ ಅಮಾಯಕರಿಗೆ ಹಾನಿಯಾಗುವಂತಿದ್ದರೆ ಕೈ ಹಿಂದೆಗೆಯಬೇಕು. ಗಾಯಾಳು, ಶರಣಾದವನು, ಸೆರೆಯಾದವನು, ಇವರನ್ನು ಮನುಷ್ಯರಂತೆ ನಡೆಸಿಕೊಳ್ಳಬೇಕು. ಆಸ್ಪತ್ರೆಯನ್ನೂ ಅಲ್ಲಿ ದುಡಿಯುವವರನ್ನೂ ಮುಟ್ಟಬಾರದು. ಎಷ್ಟು ಚೆನ್ನಾಗಿ ಹೇಳಿದಿರಿ! ನಾನು ನೋಟ್ಸ್ ಬರೆದುಕೊಂಡೆ. ಕೊನೆಯಲ್ಲಿ ಪ್ರಶ್ನೆಗೆ ಅವಕಾಶ ಇತ್ತು. ನಾನು ಟೈಪ್ ಮಾಡಿದೆ: ಆಸ್ಪತ್ರೆಯ ಅಡುಗೆಯವರಿಗೂ ಈ ರಕ್ಷಣೆ ಉಂಟೇ? ನೀವು ನಕ್ಕು ಹೇಳಿದಿರಿ, "ಖಂಡಿತ. ಅಡುಗೆಯವರು, ಕ್ಲೀನಿಂಗಿನವರು, ಆಸ್ಪತ್ರೆ ನಡೆಯೋಕೆ ದುಡಿಯೋ ಎಲ್ರೂ. ವೆರಿ ಗುಡ್ ಕ್ವೆಶ್ಚನ್ ಫ್ರಮ್ ಎ ಫಸ್ಟ್ ಇಯರ್ ಸ್ಟೂಡೆಂಟ್." ಮತ್ತೆ ಚಪ್ಪಾಳೆ. ಪಕ್ಕದಲ್ಲಿದ್ದ ನನ್ನ ರೂಮ್‌ಮೇಟ್ ಪ್ರಾಪ್ತಿ ಕಿವಿಯಲ್ಲಿ, "ಹಾಕು ಮಾರಾಯ್ತಿ ಕೇಸ್ ನಂಬರ್, ಈಗಲೇ ಹಾಕು," ಎಂದಳು. ಹಾಕಿದೆ. ನೀವು ಪರದೆಯ ಕಡೆ ಬಗ್ಗಿ ಓದಿದ್ದನ್ನು ಸಭೆಯಲ್ಲಿದ್ದವರೆಲ್ಲ ನೋಡಿದ್ದಾರೆ. ಆಮೇಲೆ ನಿಮ್ಮ ನೆಟ್‌ವರ್ಕ್ ಹೋಯಿತು. ನೆಟ್‌ವರ್ಕಿಗೂ ಸಮಯಪ್ರಜ್ಞೆ ಇರುತ್ತದೆಂದು ಆವತ್ತು ತಿಳಿಯಿತು.

ಸಭೆಯಲ್ಲಿ ವೈದ್ಯಕೀಯ ಸಿಬ್ಬಂದಿ, ಗೇಟಿನಲ್ಲಿ ಕಿಚನ್‌ನವನು. ಎರಡರಲ್ಲಿ ಯಾವುದು ನಿಮ್ಮ ಕಾನೂನು? ಕೋರ್ಸ್ ನಡೆಸುವ ಲೋಕನಾಥ ಸರ್ ಗ್ರಂಥಾಲಯದಿಂದ ನಾಲ್ಕು ಜಿನೀವಾ ಒಪ್ಪಂದಗಳ ಪಠ್ಯ ತೆಗೆಸಿಕೊಟ್ಟು, "ಸಿಟ್ಟು ಆಮೇಲೆ ಮಾಡುವ, ಮೊದಲು ಓದು," ಎಂದರು. ಓದಿದೆ. ನಾಲ್ಕನೇ ಒಪ್ಪಂದದ ಇಪ್ಪತ್ತನೇ ವಿಧಿ ನಾಗರಿಕ ಆಸ್ಪತ್ರೆಯ ಕಾರ್ಯನಿರ್ವಹಣೆ ಮತ್ತು ಆಡಳಿತದಲ್ಲಿ ನಿರಂತರವಾಗಿ, ಅದಕ್ಕಾಗಿಯೇ ತೊಡಗಿದವರನ್ನು ಗೌರವಿಸಿ ರಕ್ಷಿಸಬೇಕು ಎನ್ನುತ್ತದೆ. ಸ್ಟೆತಸ್ಕೋಪ್ ಇದ್ದವರನ್ನು ಮಾತ್ರ ಎಂದು ಅದರಲ್ಲಿ ಎಲ್ಲಿಯೂ ಇಲ್ಲ. ಅಲ್ಲಿ ನಡೆಯುತ್ತಿರುವುದು ಎರಡು ದೇಶಗಳ ನಡುವಿನ ಯುದ್ಧವಲ್ಲ, ಒಳಯುದ್ಧ, ಆ ವಿಧಿ ಅನ್ವಯಿಸುವುದಿಲ್ಲ ಎಂದು ನೀವು ತಕರಾರು ತೆಗೆಯಬಹುದು. ನಾಲ್ಕೂ ಒಪ್ಪಂದಗಳಿಗೆ ಸಮಾನವಾದ ಮೂರನೇ ವಿಧಿ ಇರುವುದೇ ಒಳಯುದ್ಧಕ್ಕೆ: ಹೋರಾಟದಲ್ಲಿಲ್ಲದವರನ್ನು ಕೊಲ್ಲುವಂತಿಲ್ಲ, ಹಿಂಸಿಸುವಂತಿಲ್ಲ, ಒತ್ತೆಯಾಳಾಗಿ ಇಡುವಂತಿಲ್ಲ. ಕಾಣೆಯಾದವರು ಏನಾದರೆಂದು ಪತ್ತೆಹಚ್ಚಿ ಮನೆಯವರಿಗೆ ತಿಳಿಸಬೇಕೆಂಬುದು ಬರೆದ ಒಪ್ಪಂದಗಳ ಆಚೆಗೂ ಎಲ್ಲ ಯುದ್ಧಗಳಿಗೆ ಸಲ್ಲುವ ರೂಢಿಯ ಕಾನೂನು. ಹೌದು, ಆ ಹೊಣೆ ಹೊಡೆದಾಡುವವರದು, ನಿಮ್ಮದಲ್ಲ. ಅಷ್ಟು ನನಗೂ ಗೊತ್ತು. ಆದರೆ ಮೊತ್ತಮೊದಲ ವಿಧಿಯೇ ಸಹಿ ಹಾಕಿದ ಪ್ರತಿ ದೇಶಕ್ಕೆ ಹೇಳುವುದೇನು? ಒಪ್ಪಂದವನ್ನು ನೀನೂ ಪಾಲಿಸು, ಬೇರೆಯವರೂ ಪಾಲಿಸುವಂತೆ ನೋಡಿಕೋ. ಭಾರತ ಸಹಿ ಹಾಕಿದೆ. ಅದಕ್ಕಾಗಿ 1960ರಲ್ಲಿ ಕಾಯಿದೆಯನ್ನೂ ಮಾಡಿದೆ. ಬಂದೂಕು ಹಿಡಿದವನನ್ನು "ನಮ್ಮ ಮನುಷ್ಯ ಎಲ್ಲಿ?" ಎಂದು ಕೇಳಬೇಕಾದವರು ನೀವು. ಸತ್ತನೆಂದು ಬರೆದುಕೊಂಡವರು ಆ ಪ್ರಶ್ನೆಯನ್ನು ಕೇಳುವುದಾದರೂ ಹೇಗೆ?

ನನ್ನ ಭಯ ಇರುವುದು ಇಲ್ಲಿಯೇ. ಯುದ್ಧದಲ್ಲಿ ಕಾಣೆಯಾದವರನ್ನು ಹುಡುಕುವ ರೆಡ್ ಕ್ರಾಸಿನ ವ್ಯವಸ್ಥೆಗೆ ನಾವು ಮನೆಯವರು ಕೋರಿಕೆ ಕೊಟ್ಟಿದ್ದೇವೆ. ಆದರೆ ಈ ಮನುಷ್ಯನ ಸ್ವಂತ ದೇಶವೇ ಅವನನ್ನು ಮೃತರ ಲೆಕ್ಕಕ್ಕೆ ಸೇರಿಸಿದೆ ಎಂದಾದರೆ, ಯಾವುದೋ ಸೆರೆಮನೆಯ ಬಾಗಿಲಲ್ಲಿ ಅವನ ಹೆಸರನ್ನು ಯಾರು ಗಟ್ಟಿಯಾಗಿ ಕೂಗುತ್ತಾರೆ? ನಾಳೆ ಸೆರೆಯಾಳುಗಳ ಬಿಡುಗಡೆಯ ಮಾತುಕತೆ ನಡೆದರೆ ನಿಮ್ಮ ಪಟ್ಟಿಯಲ್ಲಿ ಉಪ್ಪ ಇರುತ್ತಾರಾ? ಒಮ್ಮೆ ಅಡುಗೆಯವರೆಂದು ಬಿಟ್ಟಿರಿ. ಈ ಸಲ ಸತ್ತವರೆಂದು ಬಿಡುತ್ತೀರಾ? ಇನ್ನೊಂದು ಗೇಟು, ಇನ್ನೊಂದು ಬಸ್ಸು, ಮತ್ತೆ ಸಾಲಿನ ಕೊನೆಯಲ್ಲಿ ಅವರು.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಮುಕ್ತಾಯದ ಆದೇಶವನ್ನು ರದ್ದು ಮಾಡಿ. ಉಪ್ಪನನ್ನು ಸೆರೆಯಲ್ಲಿರುವ ವೈದ್ಯಕೀಯ ಸಿಬ್ಬಂದಿ ಎಂದು ದಾಖಲಿಸಿ, ಕಾಂತಿಯಕ್ಕನ ಹೇಳಿಕೆಯ ಪ್ರತಿಯೊಂದಿಗೆ ಹುಡುಕುವವರಿಗೆ ನಿಮ್ಮ ಕಡೆಯಿಂದ ಕೋರಿಕೆ ಕಳಿಸಿ. ಅವರಿಗೆ ಶುಗರಿನ ಮಾತ್ರೆ ಬೇಕೆಂದು ಅದರಲ್ಲಿ ಬರೆಯಿರಿ. ಅವರು ತೀರಿಹೋದದ್ದು ನಿಜವೇ ಆದರೆ, ಯಾರು ನೋಡಿದರು, ಎಲ್ಲಿ ಮಣ್ಣು ಮಾಡಿದರು, ಲಿಖಿತವಾಗಿ ತಿಳಿಸಿ. ಗೊತ್ತಿಲ್ಲವೆಂದರೆ ಗೊತ್ತಿಲ್ಲ ಎಂದೇ ಬರೆಯಿರಿ. ಆ ಮಾತಿಗೂ ಒಂದು ಮರ್ಯಾದೆ ಉಂಟು.

ಇಷ್ಟಕ್ಕೂ ನಿಮಗೆ ಸ್ಥಳೀಯ ಸಾಕ್ಷ್ಯವೇ ಬೇಕೆಂದಾದರೆ, ಬರುವ ಶುಕ್ರವಾರ ಜುಮಾದ ನಂತರ ನಮ್ಮ ಮಸೀದಿಯಲ್ಲಿ ಇಬ್ರಾಹಿಂ ಎಂಬವರು ಜೀವಸಹಿತ ಮನೆಗೆ ಮರಳಲಿ ಎಂದು ದುಆ ಇದೆ. ಹೋದ ಸಲ ವಿಚಾರಣೆಗೆ ಬಂದ ಅದೇ ಮನುಷ್ಯನನ್ನು ಕಳಿಸಿಕೊಡಿ. ಮೂಸಬ್ಬ ಹಾಜಿಯವರು ಅವರಿಗೆ ಕುರ್ಚಿ ಹಾಕಿಸುತ್ತಾರೆ, ಉಮ್ಮ ಚಾ ಕಳಿಸುತ್ತಾರೆ. ಎಲ್ಲ ನೋಡಿ, ಕುಟುಂಬದವರೇ ತಮ್ಮ ಧಾರ್ಮಿಕ ಪದ್ಧತಿಯಂತೆ ಸದರಿ ವ್ಯಕ್ತಿಯ ಬಿಡುಗಡೆಗೆ ಪ್ರಾರ್ಥಿಸಿರುವುದು ದೃಢಪಟ್ಟಿದೆ ಎಂದು ಅವರು ವರದಿ ಬರೆಯಲಿ. ನಾವು ಸತ್ತವರಿಗಾಗಿ ಮಾಡಿದ ನಮಾಝ್ ನಿಮಗೆ ಸಾವಿನ ಪುರಾವೆಯಾದ ಮೇಲೆ, ಬದುಕಿರುವವರಿಗಾಗಿ ಮಾಡುವ ದುಆ ಬದುಕಿನ ಪುರಾವೆಯಾಗಲೇಬೇಕಲ್ಲವೇ? ಕಡತ ತೆರೆಯಿರಿ.

ಇಂತಿ,
ನಿಮ್ಮ ದಾಖಲೆಯಲ್ಲಿ ಮೃತರ ವಾರಸುದಾರಳು,
ನಮ್ಮ ಮನೆಯಲ್ಲಿ ಇನ್ನೂ ಇಬ್ರಾಹಿಮರ ಮಗಳು,
ಫಿದಾ
ಪ್ರಥಮ ವರ್ಷ, ಲೇಡೀಸ್ ಹಾಸ್ಟೆಲ್, ಮೂಡುಬಿದಿರೆ